ದರವಿಲ್ಲದ ಹಿಟ್ಟಿನ ದೊಣ್ಣೆ

ಭಾನುವಾರ, ಬೆಳಗಿನ ಐದು ಗಂಟೆ. ಸ್ಥಳ: ಪಾಂಡವಪುರದಲ್ಲಿರುವ ನನ್ನ ಬಾಮೈದ ಸೋಮಣ್ಣನ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಗೋಡೌನು. ಹಾಜರಿದ್ದವರು: ನಾನು, ನನ್ನ ಶ್ರೀಮತಿ ಜಯಮ್ಮ, ಟೆಂಪೊ ಓಡಿಸುವ ನಿಂಗರಾಜು ಮತ್ತು ನನ್ನ ಮೊಬೈಲ್ ಫೋನು. ಗೈರುಹಾಜರಾಗಿದ್ದದ್ದು ಏನೆಂಬುದು ಹನ್ನೊಂದು ಗಂಟೆಯ ಹೊತ್ತಿಗೆ ಗೊತ್ತಾಯಿತು.

ಮೊದಲು ನನ್ನ ಪರಿಚಯ. ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ಜನ ಡ್ರಿಲ್ ಮೇಷ್ಟ್ರು ಎನ್ನುತ್ತಾರೆ. ಸೇವೆಯಲ್ಲಿದ್ದಷ್ಟು ವರ್ಷ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದೆ. ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಮೇಲೆ ಮಕ್ಕಳು ಸಿಗದೆ ಚಪ್ಪಲಿಗಳನ್ನು, ಆಮೇಲೆ ಅಡುಗೆಮನೆಯ ಡಬ್ಬಿಗಳನ್ನು ನಿಲ್ಲಿಸಲು ಶುರುಮಾಡಿದೆ. ಒಂದು ದಿನ ಜಯಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಕೇಳಿದಳು: "ಸಾಸ್ವೆನೂ ಸಾಲಾಗ್ ನಿಂತ್ಕಂಡೇ ಸಿಡೀಬೇಕಾ? ಏಳ್ಬುಡಿ, ಅದುಕ್ಕೂ ಒಂದ್ ವಿಷಲ್ ಊದಿ."

ಹೀಗೆ ಶಿಸ್ತು ಇದ್ದರೂ ಸೇನೆಯಿಲ್ಲದ ದಂಡನಾಯಕನಂತೆ ನಾನು ಕುಳಿತಿದ್ದಾಗ ಸೋಮಣ್ಣನ ಗೋಡೌನು ನನ್ನ ಕೈಗೆ ಬಂತು.

ಸೋಮಣ್ಣನದು ಹೆಸರುವಾಸಿ ಗೋಡೌನು. ಸುತ್ತಮುತ್ತ ಎಲ್ಲಿ ಬಾಡೂಟವಾಗಲಿ, ನಾಮಕರಣವಾಗಲಿ, ಅಡುಗೆಯ ದೊಡ್ಡ ಕೊಳಗ, ಅಗಲ ಬಾಯಿಯ ದಬರಿ, ಕುರ್ಚಿ, ಮೇಜು ಹೋಗುವುದು ಅಲ್ಲಿಂದಲೇ. ಆದರೆ ಲೆಕ್ಕವೆಲ್ಲ ಅವನ ತಲೆಯಲ್ಲಿ. ಹೋದ ಮದುವೆ ಕಾಲದಲ್ಲಿ ಅವನ ತಲೆ ಒಂದೇ ಕೊಳಗವನ್ನು ಒಂದೇ ದಿನ ಇಬ್ಬರಿಗೆ ಒಪ್ಪಿಸಿಬಿಟ್ಟಿತು. ಎರಡು ಮದುವೆ ಮನೆಯವರು ಗೋಡೌನಿನ ಬಾಗಿಲಲ್ಲಿ ಆ ಕೊಳಗದ ಒಂದೊಂದು ಕಿವಿ ಹಿಡಿದುಕೊಂಡು ನಿಂತಿದ್ದನ್ನು ಊರು ಇನ್ನೂ ಮರೆತಿಲ್ಲ.

ಈಗ ಅವನ ಮಗನದೇ ಮದುವೆ. ಹುಡುಗಿ ನಾಗಮಂಗಲ ತಾಲ್ಲೂಕು ಹೊಣಕೆರೆ ಕಡೆಯವಳು. ಮದುವೆ ಸುಸೂತ್ರವಾಗಿ ನಡೆಯಿತು. ಭಾನುವಾರ ಪಾಂಡವಪುರದ ಪಕ್ಕದಲ್ಲೇ ಇರುವ ಸೋಮಣ್ಣನ ಹಳ್ಳಿಯಲ್ಲಿ, ಮನೆ ಮುಂದಿನ ಕಣದಲ್ಲಿ ಬೀಗರ ಊಟ. ವಾರಕ್ಕೆ ಮುಂಚೆಯೇ ಅವನು ನನ್ನ ಕೈ ಹಿಡಿದುಕೊಂಡಿದ್ದ.

"ಬಾವ, ಊರ್‌ಗೆಲ್ಲಾ ಪಾತ್ರೆ ಕೊಡೋನು ನಾನು. ನನ್ ಮನೆ ಬೀಗ್ರೂಟ್ದಲ್ಲಿ ಒಂದ್ ಸೌಟು ಕಮ್ಮಿ ಬಂದ್ರೂ ನಾನು ಅಂಗ್ಡಿ ಬಾಗ್ಲು ತೆಗ್ಯಂಗಿಲ್ಲ. ನಾನು ಲಗ್ನದ್ ಕೆಲ್ಸ ನೋಡ್ಕತೀನಿ. ಈ ವಾರ ಆಚೆ ಆರ್ಡ್ರು ಇಸ್ಕಂಡಿಲ್ಲ. ಗೋಡೌನ್ನ ನೀವ್ ನೋಡ್ಕಳಿ."

"ಸೋಮಣ್ಣ, ಕೊರತೆ ಎಂಬ ಪದವನ್ನೇ ಮರೆತುಬಿಡು" ಎಂದೆ. "ಸಂಬಳವನ್ನೂ ಕೇಳುವುದಿಲ್ಲ. ಉಚಿತ ಸೇವೆ!"

ಆ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಜಯಮ್ಮ ಇಟ್ಟುಕೊಂಡಿದ್ದಳು.

ನಾನು ನೇರವಾಗಿ ಶ್ರೀರಂಗಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋಗಿ, ಗೋಡೌನಿನ ಲೆಕ್ಕವಿಡುವ ಸಾಫ್ಟ್‌ವೇರನ್ನು ಫೋನಿಗೆ ಹಾಕಿಸಿಕೊಂಡು ಬಂದೆ. ಅದರ ವಿಧಾನ ಸರಳ. ಪ್ರತಿ ವಸ್ತುವಿಗೂ ಗೆರೆಗೆರೆಯ ಚೀಟಿ ಅಂಟಿಸಬೇಕು. ಫೋನು ತೋರಿಸಿದರೆ 'ಟಣ್' ಎನ್ನುತ್ತದೆ. ಹೊರಗೆ ಹೋಗುವಾಗ ಒಂದು ಟಣ್, ಒಳಗೆ ಬರುವಾಗ ಒಂದು ಟಣ್. ಯಾವುದಾದರೂ ಮಾಲು ನಿಗದಿ ಮಾಡಿದ ಮಟ್ಟಕ್ಕಿಂತ ಕಡಿಮೆಯಾದರೆ ತಾನೇ ಎಚ್ಚರಿಸುತ್ತದೆ. ಎಚ್ಚರಿಕೆಗೆ ಬೇಕಾದ ಸದ್ದನ್ನು ನಾವೇ ಆರಿಸಿಕೊಳ್ಳಬಹುದು. ನಾನು ನನ್ನ ಹಳೆಯ ವಿಷಲನ್ನೇ ಊದಿ ರೆಕಾರ್ಡು ಮಾಡಿ ಹಾಕಿದೆ. ಶಿಸ್ತಿಗೆ ಅದಕ್ಕಿಂತ ಒಳ್ಳೆಯ ಸಂಗೀತ ಬೇರೆ ಇಲ್ಲ!

ಚೀಟಿ ಅಂಟಿಸುವ ಕೆಲಸವನ್ನು ಖುದ್ದು ಮಾಡಿದೆ. ಕೊಳಗದ ಹೊಟ್ಟೆಗೆ ಅಂಟಿಸಿದರೆ ಅಂದ ಕೆಡುತ್ತದೆ, ಉಜ್ಜುವಾಗ ಹರಿಯುತ್ತದೆ. ಆದ್ದರಿಂದ ದೀರ್ಘವಾಗಿ ಆಲೋಚಿಸಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅಂಟಿಸಿದೆ. ತಳದಲ್ಲಿ!

ಪಾತ್ರೆಯ ತಳಕ್ಕೆ ಬೆಂಕಿ ತಾಗುತ್ತದೆ ಎಂಬ ಸಂಗತಿ ಆ ಆಲೋಚನೆಯೊಳಗೆ ಬರಲಿಲ್ಲ.

ಎಲ್ಲವೂ ಮುಗಿಯಿತು ಎನ್ನುವಾಗ ಮೂಲೆಯಲ್ಲಿ ಒರಗಿದ್ದ ಹಿಟ್ಟಿನ ದೊಣ್ಣೆಗಳು ಕಂಡವು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು, ಜನರ ಬಾಯಲ್ಲಿ ಅದು 'ಇಟ್ಟು'. ಮನೆಯಲ್ಲಿ ಅದನ್ನು ತೊಳಸಲು ಮೊಳದುದ್ದದ ದೊಣ್ಣೆ ಸಾಕು. ಬಾಡೂಟಕ್ಕೆ ಬೇಕಾದದ್ದು ಆಳೆತ್ತರದ್ದು, ತುದಿಯಲ್ಲಿ ದೋಣಿಯ ಹುಟ್ಟಿನಂತೆ ಅಗಲವಾದದ್ದು. ಅಂಥವು ಆರು ಇದ್ದವು. ನಾನು 'ಹಿಟ್ಟಿನ ದೊಣ್ಣೆ' ಎಂದು ಫೋನಿನಲ್ಲಿ ಬರೆದೆ. ಫೋನು 'ಬಾಡಿಗೆ ದರ?' ಎಂದು ಕೇಳಿತು. ಸೋಮಣ್ಣನಿಗೆ ಫೋನು ಮಾಡಿದೆ.

"ದೊಣ್ಣೆಗೆ ಬಾಡ್ಗೆನಾ?" ಅವನು ಛತ್ರದ ಗದ್ದಲದ ನಡುವಿನಿಂದ ಕೂಗಿದ. "ಅದುಕ್ಕೆ ಯಾರ್ ಬಾವ ಬಾಡ್ಗೆ ಇಸ್ಕತಾರೆ? ಕೊಳಗದ್ ಜೊತೆ ಅಂಗೇ ಓಯ್ತದೆ, ಅಂಗೇ ಬತ್ತದೆ. ಇಟ್ಟು ತೊಳ್ಸೋ ದೊಣ್ಣೆಗೆ ಕಾಸ್ ಇಸ್ಕಂಡೋನ್ ಮನೇಲಿ ಇಟ್ಟು ಉಟ್ಟಾಕಿಲ್ಲ ಅಂತಿದ್ರು ನಮ್ಮಪ್ಪ."

ಸೊನ್ನೆ ಎಂದು ಬರೆದೆ. 'ದರವಿಲ್ಲದ ಮಾಲನ್ನು ಸೇರಿಸಲಾಗದು' ಎಂದಿತು ಫೋನು. ಮತ್ತೆ ಬರೆದೆ. ಮತ್ತೆ ಅದನ್ನೇ ಹೇಳಿತು. ಮಾವನವರ ಮಾತು ಒಂದು ಕಡೆ, ಸಾಫ್ಟ್‌ವೇರಿನ ಮಾತು ಒಂದು ಕಡೆ. ಮಾವನವರು ತೀರಿಕೊಂಡು ಬಹಳ ಕಾಲವಾಗಿತ್ತು. ಸಾಫ್ಟ್‌ವೇರು ಎದುರಿಗೇ ಇತ್ತು.

ಆಗ ನಾನು ಈ ಕೆಳಗಿನ ಸಿದ್ಧಾಂತವನ್ನು ಮಂಡಿಸಿದೆ: ಪಟ್ಟಿಯಲ್ಲಿ ಇಲ್ಲದ್ದು ಮಾಲಲ್ಲ. ಮಾಲಲ್ಲದ್ದಕ್ಕೆ ಕೊರತೆ ಬರಲು ಸಾಧ್ಯವಿಲ್ಲ. ಕೊರತೆ ಬಾರದ್ದರ ಬಗ್ಗೆ ಚಿಂತೆ ಏಕೆ?

ಅದೇ ವೇಳೆಗೆ ನನಗೆ ಗೋಡೌನಿನ ವಿಭಾಗಗಳಿಗೆ ಫಲಕ ನಿಲ್ಲಿಸಲು ಆರು ಕಂಬ ಬೇಕಾಗಿದ್ದವು. 'ವಿಭಾಗ ಒಂದು: ಕೊಳಗ', 'ವಿಭಾಗ ಎರಡು: ಕುರ್ಚಿ', ಹೀಗೆ. ಆರು ಫಲಕ, ಆರು ದೊಣ್ಣೆ! ವಿಧಿಯೇ ಎಣಿಸಿ ಕೊಟ್ಟಂತಿತ್ತು. ಹಳೆಯ ಪೇಂಟ್ ಡಬ್ಬಿಗಳಿಗೆ ಸಿಮೆಂಟು ತುಂಬಿ, ಗಟ್ಟಿಯಾಗಿ ನಿಲ್ಲಲೆಂದು ದೊಣ್ಣೆಯ ಅಗಲವಾದ ತುದಿಯನ್ನೇ ಅದರೊಳಗೆ ಇಳಿಸಿದೆ. ಮೇಲೆ ಮೊಳೆ ಹೊಡೆದು ಫಲಕ ಕೂರಿಸಿದೆ. ಮರುದಿನದ ಹೊತ್ತಿಗೆ ಸಿಮೆಂಟು ಕಲ್ಲಾಗಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಣರಾಜ್ಯೋತ್ಸವದ ಕವಾಯತಿನಂತೆ ಕಂಡಿತು. ಕಣ್ಣು ತುಂಬಿ ಬಂತು.

ಭಾನುವಾರ ಬೆಳಗ್ಗೆ ಐದಕ್ಕೆ ನಿಂಗರಾಜು ಟೆಂಪೊ ತಂದ. ಒಂದೊಂದೇ ವಸ್ತುವಿಗೆ ಫೋನು ತೋರಿಸಿ ಹೊರಗೆ ಕಳಿಸತೊಡಗಿದೆ. ಟಣ್, ಟಣ್, ಟಣ್. ನಾಲ್ಕು ಕೊಳಗ ಹೋಗುತ್ತಿದ್ದಂತೆ ಫೋನು ವಿಷಲ್ ಹೊಡೆಯಿತು. 'ಎಚ್ಚರಿಕೆ: ಕೊಳಗದ ಕೊರತೆ!'

"ಎಲ್ಲಿ ಕೊರತೆ?" ಎಂದಳು ಜಯಮ್ಮ. "ಟೆಂಪೊ ತುಂಬಾ ಅವೆ."

"ಗೋಡೌನಿನಲ್ಲಿ ಕಡಿಮೆಯಾಯಿತಲ್ಲ, ಅದಕ್ಕೆ."

"ಮತ್ತೆ ಬಾಡ್ಗೆ ಪಾತ್ರೆ ಗೋಡೌನ್ಲೇ ಕುಂತಿದ್ರೆ ಸೋಮಣ್ಣ ಏನ್ ತಿಂತಾನೆ?"

ಅದು ಮಾರುವ ಅಂಗಡಿಗಳಿಗೆಂದು ಮಾಡಿದ ಸಾಫ್ಟ್‌ವೇರು. ಗೋಡೌನು ಬರಿದಾದಷ್ಟೂ ನಮಗೆ ಸಂಭ್ರಮ, ಅದಕ್ಕೆ ಗಾಬರಿ! ದಬರಿ ಹೋಯಿತು, ವಿಷಲ್. ಕುರ್ಚಿ ಹೋಯಿತು, ವಿಷಲ್. ಅಕ್ಕಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನಿಂಗರಾಜು ಪ್ರತಿ ವಿಷಲಿಗೂ ಟೆಂಪೊವನ್ನು ಒಂದು ಮಾರು ಹಿಂದಕ್ಕೆ ತಂದು, ಕೊನೆಗೆ ಗೋಡೌನಿನ ಗೋಡೆಗೆ ತಾಗಿಸಿದ. "ರಿವರ್ಸ್ ಬರಾಕ್ ಊದ್ತಾವ್ರೆ ಅನ್ಕಂಡೆ ಸಾ" ಎಂದ.

ಅಂತೂ ಪಟ್ಟಿಯಲ್ಲಿದ್ದ ಪ್ರತಿಯೊಂದು ವಸ್ತುವೂ ಹಳ್ಳಿ ಸೇರಿತು. ಒಂದು ಲೋಟವೂ ಕಡಿಮೆ ಇರಲಿಲ್ಲ. ಸೋಮಣ್ಣ ನನ್ನನ್ನು ತಬ್ಬಿಕೊಂಡ. "ಬಾವ, ನೀವಿಲ್ದಿದ್ರೆ ಏನ್ ಗತಿ!"

ಅಡುಗೆಗೆ ಬಂದಿದ್ದವನು ಹೊಸಹೊಳಲಿನ ಕೆಂಪಣ್ಣ. ನಾನು ಕೆ.ಆರ್. ಪೇಟೆ ಕಡೆ ಕೆಲಸ ಮಾಡುವಾಗಿನ ಶಿಷ್ಯ. ಕವಾಯತಿನಲ್ಲಿ ಎಡ ಎಂದರೆ ಬಲಗಾಲು ಎತ್ತುತ್ತಿದ್ದವನು, ಈಗ ಸಾವಿರ ಜನಕ್ಕೆ ಸಾರು ಕಾಯಿಸುತ್ತಾನೆ. ಕೊಳಗಗಳು ಒಲೆ ಏರಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಅವನು ಮೂಗು ಅರಳಿಸಿದ.

"ಸಾ, ಇನ್ನೂ ಮಾಂಸನೇ ಬುಟ್ಟಿಲ್ಲ, ಆಗ್ಲೇ ಸೀದೋದ್ ವಾಸ್ನೆ! ತಳದಲ್ಲಿ ಏನೋ ಉರೀತಾ ಅದೆ."

"ಅದು ಲೆಕ್ಕದ ಚೀಟಿ" ಎಂದೆ.

"ಲೆಕ್ಕ ಸುಟ್ಟೋಯ್ತಾ ಅದೆ ಸಾ."

ಅದು ಬೇಗ ಸುಟ್ಟು ಮುಗಿಯಲೆಂದು ಕೆಂಪಣ್ಣ ಒಲೆಗೆ ಇನ್ನೊಂದು ಸೌದೆ ತುರುಕಿದ. ವಾಸನೆ ಹೋಯಿತು. ಸಾರು ಕುದಿಯಿತು, ಬೋಟಿ ಬೆಂದಿತು, ಅನ್ನ ಇಳಿಯಿತು. ಹನ್ನೊಂದು ಗಂಟೆಗೆ ಹಿಟ್ಟಿನ ಎಸರು ಮರಳತೊಡಗಿತು. ಕೆಂಪಣ್ಣ ಸೊಂಟಕ್ಕೆ ಟವೆಲ್ಲು ಬಿಗಿದು ಕೈ ಚಾಚಿದ.

"ದೊಣ್ಣೆ ತತ್ತಾ."

ಯಾರೂ ತರಲಿಲ್ಲ.

"ದೊಣ್ಣೆ ಎಲ್ ಮಡ್ಗಿದ್ದೀರಾ ಸಾ?"

ನಾನು ಫೋನು ತೆರೆದು, ಅತ್ಯಂತ ವಿಶ್ವಾಸದಿಂದ ಓದಿದೆ: "ಪಟ್ಟಿಯ ಪ್ರಕಾರ ಎಲ್ಲ ಮಾಲೂ ಬಂದಿದೆ. ಕೊರತೆ ಯಾವುದೂ ಇಲ್ಲ."

"ಅಂಗಾದ್ರೆ ಪಟ್ಟಿಲೇ ತೊಳ್ಸಿ ಸಾ!"

ಸೋಮಣ್ಣ ಓಡಿ ಬಂದ. "ಬಾವ, ಮೂಲೇಲಿ ಒರಗ್ಸಿದ್ನಲ್ಲ, ಉದ್ದುದ್ದ ಆರು ದೊಣ್ಣೆ, ಅವೆಲ್ಲಿ?"

"ಅವು ಇವೆ" ಎಂದೆ. "ಸುರಕ್ಷಿತವಾಗಿವೆ. ಅಲುಗಾಡದಂತೆ ಇವೆ."

ಎಷ್ಟು ಅಲುಗಾಡದಂತೆ ಇವೆ ಎಂಬುದನ್ನು ಹೇಳಿದಾಗ ಅವನು ಮರಳುತ್ತಿದ್ದ ಎಸರನ್ನೂ ನನ್ನನ್ನೂ ಒಂದೇ ಬಗೆಯಲ್ಲಿ ನೋಡಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಬೀಗರ ಬಸ್ಸು ಹೊಣಕೆರೆ ಬಿಟ್ಟಿದೆ!

"ನಿನ್ನ ಗೋಡೌನಿನ ಎದುರಿನ ಪಾತ್ರೆ ಅಂಗಡಿಯಿಂದ ತರಿಸಿದರೆ..." ಎಂದು ಸಲಹೆ ಕೊಟ್ಟೆ.

"ಬಾವಾ!" ಸೋಮಣ್ಣನ ಕಂಠ ಕಣದ ಆಚೆಗೂ ಕೇಳಿಸಿತು. "ನನ್ ಮಗನ್ ಬೀಗ್ರೂಟುಕ್ಕೆ ಎದುರಂಗ್ಡಿ ದೊಣ್ಣೆ ತರದಾ? ಅದ್ಕಿಂತ ಬೀಗ್ರಿಗೆ ಚಿತ್ರಾನ್ನ ಆಕ್ತೀನಿ! ಪಾತ್ರೆ ಸೋಮಣ್ಣನ್ ಮನೇಲಿ ಇಟ್ಟಿಲ್ವಂತೆ ಅಂತ ನಾಗಮಂಗ್ಲದ್‌ಗಂಟ ಆಡ್ಕತಾರೆ. ಆ ಹೆಣ್ಮಗೀನ್ ಅಪ್ಪ ಎಲೆ ಮುಂದೆ ಕುಂತ್ಕಂಡು ಇಟ್ಟಿಲ್ದೆ ಎದ್ದೋದ್ರೆ ನಾನ್ ಮುಖ ಎಲ್ ಮಡ್ಗನ?"

ಮದುವಣಿಗನಾದ ಅವನ ಮಗ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಹೊಸ ಸೊಸೆ ಕಿಟಕಿಯಿಂದ ನೋಡುತ್ತಿದ್ದಳು. ನಾನು ನಿಂಗರಾಜುವಿನ ಟೆಂಪೊ ಹತ್ತಿ ಪಾಂಡವಪುರಕ್ಕೆ ಧಾವಿಸಿದೆ.

ಸುತ್ತಿಗೆಯಿಂದ ಸಿಮೆಂಟನ್ನು ಬಡಿದೆ. ಸಿಮೆಂಟಿಗೆ ಏನೂ ಆಗಲಿಲ್ಲ, ಸುತ್ತಿಗೆಯ ಮರದ ಕಾವು ಕಿತ್ತು ಬಂತು. ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ ಎಂಬುದಕ್ಕೆ ಆ ಸಿಮೆಂಟೇ ಸಾಕ್ಷಿ! ವಿಧಿಯಿಲ್ಲದೆ ಎರಡು ದೊಣ್ಣೆಗಳನ್ನು ಡಬ್ಬಿ, ಸಿಮೆಂಟು, ಫಲಕ ಸಮೇತ ಟೆಂಪೊಗೆ ಹೇರಿಕೊಂಡು ಬಂದೆವು. ನಾನು ಒಂದನ್ನು ಹೆಗಲ ಮೇಲೆ ಹೊತ್ತು ಕಣದೊಳಗೆ ನಡೆದಾಗ ಕೆಂಪಣ್ಣ ಕೈ ಮುಗಿದ.

"ಪಾಂಡವಪುರದಿಂದ ಭೀಮಸೇನ ಗದೆ ತಂದವ್ರೆ, ದಾರಿ ಬುಡ್ರಲಾ!"

ಮೇಲಿನ ತುದಿಯಿಂದ ತೊಳಸೋಣವೆಂದು ಫಲಕ ಕಿತ್ತು ದೊಣ್ಣೆಯನ್ನು ತಲೆಕೆಳಗಾಗಿ ಹಿಡಿದದ್ದಾಯಿತು. ಈಗ ಸಿಮೆಂಟಿನ ಗುಂಡು ನಮ್ಮ ತಲೆಯ ಮೇಲಿತ್ತು. ಕೆಂಪಣ್ಣ ಒಂದು ಸುತ್ತು ತಿರುಗಿಸಿದ. ಎರಡನೆಯ ಸುತ್ತನ್ನು ಗುಂಡೇ ತಿರುಗಿಸಿತು. ಕೆಂಪಣ್ಣ ಈರುಳ್ಳಿ ರಾಶಿಯ ಮೇಲೆ ಕುಳಿತಿದ್ದ. ಗರಗಸದಿಂದ ಕೊಯ್ದು ಹಿಡಿಯನ್ನಷ್ಟೇ ಬಳಸಬಹುದೇ ಎಂದು ಕೇಳಿದೆ. "ತುದಿ ಅಗ್ಲ ಇಲ್ದಿದ್ರೆ ಗಂಟಾಯ್ತದೆ ಸಾ. ಬೀಗ್ರು ಹಲ್ ಎಣಿಸ್ಕಂಡ್ ಓಯ್ತಾರೆ" ಎಂದ.

ಆಗ ನನ್ನ ಕಣ್ಣಿಗೆ ಶಾಮಿಯಾನದ ಬೊಂಬು ಬಿತ್ತು. ಒಂದನ್ನೇ ಒಂದು ಕಿತ್ತೆ. ಒಂದು ಬೊಂಬು ಕಿತ್ತರೆ ಎಷ್ಟು ಶಾಮಿಯಾನ ಬೀಳುತ್ತದೆ ಎಂಬ ಮಾಹಿತಿ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಇಡೀ ಮೂಲೆ ಸೋಮಣ್ಣನ ಮೇಲೆ ಇಳಿಯಿತು. ಬಟ್ಟೆಯ ಒಳಗಿನಿಂದ ಅವನ ಧ್ವನಿ ಕೇಳಿಬಂತು: "ಅಕ್ಕಾ! ಬಾವನ್ನ ಯಾರಾದ್ರೂ ಕಟ್ಟಾಕ್ರಕ್ಕಾ!"

ಅಕ್ಕ ಬಂದಳು. ಜಯಮ್ಮ ಎಸರನ್ನು ನೋಡಿದಳು, ಗದೆಯನ್ನು ನೋಡಿದಳು, ನನ್ನನ್ನು ಮಾತ್ರ ನೋಡಲಿಲ್ಲ.

"ಲೇ ಸೋಮ, ನಿಮ್ಮೂರಲ್ಲಿ ದೊಣ್ಣೆ ಇಲ್ದಿರೋ ಮನೆ ಒಂದಾದ್ರೂ ಅದಾ? ಈ ಕೊಳಗ ಕೆಳಗಿಳ್ಸಿ. ಮನೆಮನೆಗೂ ರಾಗಿ ಇಟ್ಟು ಕೊಡಿ. ಒಬ್ಬೊಬ್ರು ಒಂದೊಂದ್ ಪಾತ್ರೆ ತೊಳ್ಸಿ ಮುದ್ದೆ ಕಟ್ಕಂಡ್ ಬರ್ಲಿ. ಬಸ್ ಬರೋದ್ರಲ್ಲಿ ಆಯ್ತದೆ."

"ಎಲ್ರುನೂ ಕರ್ಯೋರ್ ಯಾರಕ್ಕ? ಟೈಮಿಲ್ಲ!"

ಜಯಮ್ಮ ಈಗ ನನ್ನ ಕಡೆ ತಿರುಗಿದಳು. "ಊದಿ."

ಊದಿದೆ. ಫೋನಿನ ವಿಷಲಲ್ಲ, ಜೇಬಿನಲ್ಲಿದ್ದ ನಿಜವಾದ ವಿಷಲು. ಬೀದಿಯ ಉದ್ದಕ್ಕೂ ಊದುತ್ತಾ ಓಡಿದೆ. ಆ ಊರಿನಲ್ಲಿ ನಲ್ಲಿ ನೀರು ಬಿಡುವಾಗ ನೀರುಗಂಟಿ ವಿಷಲ್ ಹಾಕುತ್ತಾನಂತೆ. ಹೆಂಗಸರೆಲ್ಲ ಬಿಂದಿಗೆ ಹಿಡಿದು ಆಚೆ ಬಂದರು. ನೀರಿಲ್ಲವೆಂದು ಗೊತ್ತಾಗಿ ಬೈಯತೊಡಗುವ ಮುನ್ನ ಜಯಮ್ಮ ಬಿಂದಿಗೆಗಳಿಗೇ ರಾಗಿ ಹಿಟ್ಟು ಸುರಿದಳು. "ಪಾತ್ರೆ ಸೋಮಣ್ಣನ್ ಮಾನ ನಿಮ್ ದೊಣ್ಣೇಲದೆ ಕಣ್ರವ್ವ" ಎಂದಳು.

"ನಮ್ ಮಗೀನ್ ನಾಮಕರಣಕ್ಕೆ ದೊಣ್ಣೆಗೆ ಕಾಸ್ ಇಸ್ಕಂಡಿಲ್ಲ ಕಣವ್ವ ಆ ಪುಣ್ಯಾತ್ಮ" ಎಂದು ಒಬ್ಬಾಕೆ ಒಳಗೆ ಓಡಿದಳು. ಉಳಿದವರೂ ಓಡಿದರು. ಸ್ವಲ್ಪ ಹೊತ್ತಿಗೆ ಬೀದಿಯ ಎರಡೂ ಕಡೆಯ ಅಡುಗೆಮನೆಗಳಿಂದ ದಡಬಡ ಸದ್ದು ಶುರುವಾಯಿತು. ಯಾವ ತಾಳವೂ ಇಲ್ಲ, ಯಾವ ಶಿಸ್ತೂ ಇಲ್ಲ. ಆದರೂ ಆ ದಿನ ನನ್ನ ಕಿವಿಗೆ ಅಷ್ಟು ಹಿತವಾದ ಸದ್ದು ಬೇರೆ ಬೀಳಲಿಲ್ಲ.

ಬೀಗರ ಬಸ್ಸು ಬಂತು. ಬೀಗರಾದ ತಿಮ್ಮೇಗೌಡರು ಭಾರೀ ಆಳು, ಅಳೆದು ಮಾತಾಡುವವರು. ಎಲೆ ಹಾಕಿದ್ದಾಯಿತು. ಮುದ್ದೆಗಳು ಬಿದಿರಿನ ಮಂಕರಿಗಳಲ್ಲಿ ಬಂದವು. ಒಂದು ಮನೆಯದು ಬೇಲದ ಹಣ್ಣಿನಷ್ಟು, ಇನ್ನೊಂದು ಮನೆಯದು ತೆಂಗಿನಕಾಯಿಯಷ್ಟು. ಒಂದು ಗುಂಡು, ಒಂದು ಚಪ್ಪಟೆ. ನನ್ನ ಶಿಷ್ಯರಾಗಿದ್ದರೆ ಅವನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದೆ. ತಿಮ್ಮೇಗೌಡರು ತಮ್ಮ ಎಲೆ ನೋಡಿದರು, ಪಕ್ಕದ ಎಲೆ ನೋಡಿದರು.

"ಏನ್ ಬೀಗ್ರೆ, ಒಬ್ಬೊಬ್ರುಗೆ ಒಂದೊಂದ್ ಅಳ್ತೆ?"

ಸೋಮಣ್ಣ ಸಾರಿನ ಬಕೆಟ್ಟನ್ನು ಕೆಳಗಿಟ್ಟ. ಆಮೇಲೆ, ವ್ಯಾಪಾರಸ್ಥನಲ್ಲವೇ, ಮುಖ ಅರಳಿಸಿದ.

"ನಮ್ಮೂರ್ ಪದ್ದತಿ ಬೀಗ್ರೆ. ಹೊಸ ಬೀಗ್ರು ಬಂದಾಗ ನಾವು ಕೊಳಗದಲ್ಲಿ ಇಟ್ಟು ಮಾಡಾಕಿಲ್ಲ. ಮನೆಮನೆಯೋರೂ ಮಾಡಿ ತರ್ತಾರೆ."

"ಊರೋರೆಲ್ಲಾನಾ?"

"ಊರೋರೆಲ್ಲಾ."

ತಿಮ್ಮೇಗೌಡರು ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆವು. ಅದು ಇಳಿಯಿತು. ಅವರು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದರು: "ಮಗು ಒಳ್ಳೆ ಊರ್ ಸೇರ್ಕಂಡದೆ ಕಣಮ್ಮಿ. ಇನ್ನು ಅಳ್ಬ್ಯಾಡ, ಉಣ್ಣು."

ಕಿಟಕಿಯಲ್ಲಿದ್ದ ಹೊಸ ಸೊಸೆ ನಕ್ಕಳು. ತಿಮ್ಮೇಗೌಡರು ಎರಡನೆಯ ಮುದ್ದೆ ಹಾಕಿಸಿಕೊಂಡು ಕೇಳಿದರು: "ನಮ್ಮೂರಲ್ಲೂ ಇಂಗೇ ಮಾಡ್ಸಾಣ. ಇದ್ನ ನಿಂತ್ಕಂಡ್ ಮಾಡ್ಸಿದೋರ್ ಯಾರು?"

ಸೋಮಣ್ಣ ತುಟಿ ಕಚ್ಚಿಕೊಂಡು ನನ್ನ ಕಡೆ ಕೈ ತೋರಿಸಿದ. "ನಮ್ ಬಾವ. ಇವ್ರಿಲ್ದಿದ್ರೆ ಇದು ಆಯ್ತಲೇ ಇರ್ಲಿಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ!

ಸಂಜೆ ಪಾತ್ರೆಗಳನ್ನು ತೊಳೆದು, ಆ ಎರಡು ಗದೆಗಳ ಸಮೇತ ಗೋಡೌನಿಗೆ ತಂದೆವು. ತಳದ ಚೀಟಿಗಳು ಸುಟ್ಟು ಹೋದ್ದರಿಂದ ಫೋನಿಗೆ ಕೊಳಗಗಳ ಗುರುತು ಸಿಗಲಿಲ್ಲ. ಅವು ಎದುರಿಗೆ ಕುಳಿತಿದ್ದರೂ 'ಕೊಳಗದ ಕೊರತೆ' ಎಂದು ವಿಷಲ್ ಹೊಡೆಯುತ್ತಲೇ ಇತ್ತು. ದಿನವಿಡೀ ನಮ್ಮ ಪ್ರಾಣ ಹಿಂಡಿದ ದೊಣ್ಣೆಯ ಬಗ್ಗೆ ಮಾತ್ರ ಅದು ತುಟಿ ಬಿಚ್ಚಲಿಲ್ಲ. ಸೋಮಣ್ಣ ಫೋನನ್ನು ಕಸಿದು ಒಂದು ಕೊಳಗದೊಳಗೆ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ನನ್ನ ಕೈಗೆ ಉಳಿಯನ್ನೂ ಹೊಸ ಕಾವು ಹಾಕಿಸಿದ ಸುತ್ತಿಗೆಯನ್ನೂ ಕೊಟ್ಟ.

ನಾನು ನೆಲದ ಮೇಲೆ ಕುಳಿತು ಸಿಮೆಂಟು ಒಡೆಯತೊಡಗಿದೆ. ಜಯಮ್ಮ ಕುರ್ಚಿ ಹಾಕಿಕೊಂಡು, ಎಲೆ ಅಡಿಕೆ ಹಾಕುತ್ತಾ ಮೇಲ್ವಿಚಾರಣೆ ನಡೆಸಿದಳು.

"ಅಲ್ಲಾ, ದರ ಇಲ್ದಿರೋದ್ಕೆ ಪಟ್ಟೀಲಿ ಜಾಗ ಇಲ್ಲ ಅಂದ್ರಲ್ಲ" ಎಂದಳು. "ಬಿಟ್ಟಿ ಕೆಲ್ಸಕ್ಕೆ ಬಂದಿದ್ದೀರಲ್ಲ ನೀವು, ನಿಮ್ ದರ ಎಷ್ಟು?"

ನಾನು ಉಳಿಯ ಮೇಲೆ ಇನ್ನೊಂದು ಪೆಟ್ಟು ಹಾಕಿದೆ.

"ಮೇಷ್ಟ್ರುನ್ನ ಸಿಮೆಂಟಲ್ಲಿ ನಿಲ್ಸಕ್ಕೆ ಪೇಂಟ್ ಡಬ್ಬಿ ಸಾಲಾಕಿಲ್ಲ ಕಣವ್ವ" ಎಂದ ನಿಂಗರಾಜು ಬಾಗಿಲಿನಿಂದ. "ಡ್ರಮ್ಮೇ ಬೇಕು."

ದೀಪ ಹಚ್ಚುವ ಹೊತ್ತಿಗೆ ಆರನೆಯ ದೊಣ್ಣೆಯೂ ಕಳಚಿಕೊಂಡಿತು. ಒರೆಸಿ, ಅದರ ಹಳೆಯ ಮೂಲೆಯಲ್ಲಿ ಒರಗಿಸಿದೆ. ಸೊಂಟ ಹಿಡಿದುಕೊಂಡಿದ್ದರಿಂದ ಅದರ ಪಕ್ಕದಲ್ಲೇ ನಾನೂ ಒರಗಿ ನಿಂತೆ. ಸಾಲು ಮಾತ್ರ ನೇರವಾಗಿತ್ತು!